ಕ್ಯಾಪ್ಟನ್ ವಿರೂಪಾಕ್ಷನ ಹೆಂಡತಿ ಹೇಳಿದ್ದು

ಇಡೀ ಬ್ರಹ್ಮಾಂಡದಲ್ಲಿ ರೇಣುಕಯ್ಯನವರ ಮಾತು ಕೇಳದ ಹೆಂಗಸು ಒಬ್ಬಳೇ ಒಬ್ಬಳಿದ್ದಳು. ಅವಳ ಹೆಸರು ಮಂದಾಕಿನಿ. (ಮನೆಯಲ್ಲಿ ಹೆಂಡತಿ ಶಿವರುದ್ರಮ್ಮನವರೂ ಕೇಳುತ್ತಿರಲಿಲ್ಲ. ಆದರೆ ಅವರನ್ನು ರೇಣುಕಯ್ಯನವರು ಸೃಷ್ಟಿ ಮಾಡಿರಲಿಲ್ಲವಾದ್ದರಿಂದ ಆ ವಿಷಯ ಬೇರೆ.) ಮಂದಾಕಿನಿ ಮಾತ್ರ ಅವರದೇ ಲೇಖನಿಯಿಂದ ಹುಟ್ಟಿದವಳು. ಎರಡು ಸಾವಿರದ ನೂರ ತೊಂಬತ್ತನೇ ಇಸವಿಯಲ್ಲಿ ಪಾವಗಡ ತಾಲ್ಲೂಕಿನ ಬಲಸಮುದ್ರದಿಂದ ಹಾರಿ, ಶೋಣ ಎಂಬ ಕೆಂಪು ಗ್ರಹಕ್ಕೆ ಹೊರಟ ಗಗನನೌಕೆಯ ಕ್ಯಾಪ್ಟನ್ ವಿರೂಪಾಕ್ಷನ ಧರ್ಮಪತ್ನಿ. ಕಾದಂಬರಿಯ ಐದನೇ ಭಾಗವನ್ನು ಅವಳೇ ಹೇಳಬೇಕಾಗಿತ್ತು. ಮೂರು ತಿಂಗಳಿಂದ ಅವಳು ಬಾಯಿ ಬಿಟ್ಟಿರಲಿಲ್ಲ.

ರೇಣುಕಯ್ಯನವರು ಮಧುಗಿರಿಯ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಇಪ್ಪತ್ತೆಂಟು ವರ್ಷದಿಂದ ಪತ್ರ ಬರೆಯುವವರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಮರಣಶಾಸನ, ಯಾವುದೇ ಇರಲಿ, ಎದುರಿಗೆ ಕೂತವರು ಹೇಳುತ್ತಾ ಹೋದ ಹಾಗೆ ಒಂದಕ್ಷರ ಬಿಡದೆ ಹಿಡಿಯುವ ಕೈ. ದೊಡ್ಡೇರಿ ಕಡೆಯ ಅಣ್ಣತಮ್ಮಂದಿರು ಮೂವರೂ ಒಟ್ಟಿಗೆ ಕೂಗಾಡುತ್ತಾ ಪಾಲು ಹೇಳಿದರೂ ಮೂವರ ಮಾತನ್ನೂ ಬೇರೆ ಬೇರೆ ಸಾಲಿನಲ್ಲಿ ಕೂರಿಸಬಲ್ಲವರು. ಅಂಥವರಿಗೆ ಕಾದಂಬರಿಯ ಹುಚ್ಚು ಹಿಡಿದದ್ದು ಬಲಸಮುದ್ರದಲ್ಲಿ. ಗುತ್ತಿಗೆ ಪತ್ರವೊಂದರ ಕೆಲಸಕ್ಕೆಂದು ಹೋಗಿದ್ದಾಗ ಕದರಪ್ಪ ಎಂಬ ಮುದುಕರು ಅವರನ್ನು ಬದುವಿನ ಮೇಲೆ ನಿಲ್ಲಿಸಿ ಸೋಲಾರ್ ಪಾರ್ಕು ತೋರಿಸಿದರು. ಕಣ್ಣು ಹಾಯುವಷ್ಟು ದೂರವೂ ನೀಲಿ ಹಲಗೆಗಳು, ಪಂಕ್ತಿಗೆ ಕೂತ ನೆಂಟರ ಹಾಗೆ ಸಾಲು ಸಾಲಾಗಿ, ಎಲ್ಲವೂ ಸೂರ್ಯನ ಕಡೆಗೇ ಮುಖ ಮಾಡಿಕೊಂಡು.

"ಇಪ್ಪುಡು ಎಂಡೇ ಪಂಟ ಸಾಮಿ," ಅಂದರು ಕದರಪ್ಪ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. "ಬಿಸ್ಲೇ ಬೆಳೆ. ಕಡ್ಲೇಕಾಯಿ ಕಾಲ ಅಯಿಪೋಯಿಂದಿ, ಮುಗ್ದೋಯ್ತು."

ವಾಪಸು ಬರುವ ಬಸ್ಸಿನಲ್ಲಿ ರೇಣುಕಯ್ಯನವರಿಗೆ ಕಿಟಕಿಯಾಚೆ ಹೊಲ ಕಾಣಲಿಲ್ಲ, ಗ್ರಹಗಳು ಕಂಡವು. ಮಧುಗಿರಿಯ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಕಾದಂಬರಿಯ ಹೆಸರೂ ಸಿದ್ಧವಾಗಿತ್ತು: 'ಶೋಣಗ್ರಹಕ್ಕೆ ಐವರು ಸಾಕ್ಷಿ'. ಒಂದೇ ಪ್ರಯಾಣ, ಹೇಳುವವರು ಐದು ಜನ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯಬೇಕು, ಕೋರ್ಟಿನಲ್ಲಿ ಆಗುವ ಹಾಗೆ. ಕ್ಯಾಪ್ಟನ್, ವಿಜ್ಞಾನಿ, ರೋಬೋಟು, ಸ್ವತಃ ಶೋಣಗ್ರಹ, ಕೊನೆಗೆ ಕ್ಯಾಪ್ಟನ್ನನ ಹೆಂಡತಿ.

ಮೊದಲ ನಾಲ್ವರು ನೀರು ಕುಡಿದಷ್ಟು ಸಲೀಸಾಗಿ ಬಂದರು. "ವಿರೂಪಾಕ್ಷ ಬಿನ್ ಲೇಟ್ ನಂಜುಂಡಪ್ಪ ಆದ ನಾನು, ವಯಸ್ಸು ಸುಮಾರು ನಲವತ್ತೈದು, ಕಸುಬು ಗಗನಯಾನ, ಹಾಲಿ ವಾಸ ಆಕಾಶ, ಸ್ವಸ್ಥಚಿತ್ತದಿಂದ ಹೇಳುವುದೇನೆಂದರೆ" ಎಂದು ಕ್ಯಾಪ್ಟನ್ ಶುರು ಮಾಡಿದರೆ, ರೋಬೋಟು "ತಂದೆಯ ಹೆಸರು ತಿಳಿದುಬಂದಿರುವುದಿಲ್ಲ" ಎಂದು ಶುರು ಮಾಡಿತು. ಶೋಣಗ್ರಹಕ್ಕಂತೂ ಚಕ್ಕುಬಂದಿಯೇ ಬಿತ್ತು: ಪೂರ್ವಕ್ಕೆ ಖಾಲಿ, ಪಶ್ಚಿಮಕ್ಕೆ ಖಾಲಿ, ಉತ್ತರಕ್ಕೆ ಧೂಮಕೇತು ಓಡಾಡುವ ದಾರಿ, ದಕ್ಷಿಣಕ್ಕೆ ಸರ್ಕಾರಿ ಖರಾಬು.

ಐದನೆಯವಳೇ ಕಷ್ಟವಾದಳು. ರೇಣುಕಯ್ಯನವರು ಬರೆದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಅಚ್ಚುಮಾಡಿ ಕೊಡುತ್ತಿದ್ದವನು ಅವರ ಮೇಜಿನ ಪಕ್ಕದಲ್ಲೇ ಅಂಗಡಿ ಇಟ್ಟಿದ್ದ ಮಕ್ಬೂಲ್. ಸಿರಾದಿಂದ ಬಂದು ಇಲ್ಲೇ ನೆಲೆಸಿದವನು. ಊರಿನ ಅರ್ಜಿ, ಲಗ್ನಪತ್ರಿಕೆ, ತಕರಾರು ಎಲ್ಲವೂ ಅವನ ಬೆರಳಿನಿಂದಲೇ ಹಾದುಹೋಗಬೇಕು. ಮಂದಾಕಿನಿಯ ಮೊದಲ ಪುಟ ಅಚ್ಚುಮಾಡಿ ಅವನು ಕನ್ನಡಕ ತೆಗೆದ.

"ಅಣ್ಣಾ, ಬೇಜಾರ್ ಮಾಡ್ಕೋಬ್ಯಾಡಿ. ಬಾಕಿ ನಾಕ್ ಜನಾನೂ ಮಾತಾಡ್ತಾವ್ರೆ. ಈ ಯಮ್ಮ ಮಾತ್ರ ಕಂಪ್ನಿ ನಾಟಕ ಆಡ್ತಾವ್ಳೆ."

"ಅದು ಭಾವಗೀತಾತ್ಮಕ ಶೈಲಿ ಕಣಯ್ಯಾ."

"'ಹೇ ಪ್ರಾಣನಾಥಾ, ನಿಮ್ಮ ಚರಣಗಳೇ ನನ್ನ ಸೌರಮಂಡಲ' ಅಂತ ನಮ್ ಮನೇಲಿ ನಮ್ ಜೈನಾಬಿ ಒಂದ್ಸಲ ಅಂದ್ರೆ, ಖುದಾ ಕಸಂ, ನಾನು ಡಾಕ್ಟ್ರನ್ನ ಕರೀತೀನಿ."

ಆ ಸಂಜೆ ರೇಣುಕಯ್ಯನವರು ಜಗಲಿಯ ಮೇಲೆ ಕೂತು ಅದೇ ಪುಟವನ್ನು ಗಟ್ಟಿಯಾಗಿ ಓದಿಕೊಂಡರು. ಕಿವಿಗೆ ಇಂಪಾಗಿಯೇ ಇತ್ತು. ಎದುರಿಗೆ ಶಿವರುದ್ರಮ್ಮನವರು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಬೇಳೆ ಪಟ್ ಪಟ್ ಎಂದು ಪಾತ್ರೆಗೆ ಬೀಳುತ್ತಿತ್ತು.

"ಯಾರ್ರೀ ಅವ್ಳು, ಪ್ರಾಣನಾಥಾ ಅನ್ನೋಳು?"

"ಕ್ಯಾಪ್ಟನ್ನನ ಹೆಂಡ್ತಿ ಕಣೇ."

"ಮದ್ವೆಯಾಗಿ ಎಷ್ಟು ವರ್ಷ ಆಗೈತೆ ಅವ್ಳಿಗೆ?"

ರೇಣುಕಯ್ಯನವರು ಅಷ್ಟು ದೂರ ಯೋಚಿಸಿರಲಿಲ್ಲ. "ಒಂದು... ಹದಿನೆಂಟು."

"ಹದಿನೆಂಟು ವರ್ಷ ಆದ್ಮೇಲೂ ಪ್ರಾಣನಾಥಾ ಅಂತಾಳೆ ಅಂದ್ರೆ ಆ ಯಪ್ಪ ಮನೇಲೇ ಇರಲ್ಲ ಅಂತ ಕಾಣ್ತದೆ."

"ಇಲ್ಲ ಕಣೇ, ಇಬ್ರೂ ಒಂದೇ ನೌಕೇಲಿ. ಏಳು ವರ್ಷದ ಪ್ರಯಾಣ. ಬಾಗ್ಲು ತೆಗೆಯೋ ಹಂಗೇ ಇಲ್ಲ."

ಅವರೆಕಾಳಿನ ಸದ್ದು ನಿಂತಿತು.

"ಏಳು ವರ್ಷ? ಬಾಗ್ಲು ತೆಗಿಯಂಗಿಲ್ಲ? ಅಂಗಾದ್ರೆ ಆ ಯಮ್ಮ ನಕ್ಷತ್ರ ಗಿಕ್ಷತ್ರ ಅಂತ ಯಾಕ್ ಮಾತಾಡ್ತಾಳೆ? ಒದ್ದೆ ಟವಲ್ ಎಲ್ಲಿ ಒಣಗಾಕ್ಲಿ ಅಂತ ಕೇಳ್ತಾಳೆ. ಒಗ್ಗರಣೆ ಹಾಕಿದ್ರೆ ಹೊಗೆ ಎಲ್ಲಿಗೆ ಹೋಗ್ತದೆ ಅಂತ ಕೇಳ್ತಾಳೆ. ಉಸಿರಾಡೋ ಗಾಳಿ ಸಿಲಿಂಡರಲ್ಲಿ ತಾನೇ? ಆ ಸಿಲಿಂಡರ್ ಯಾವಾಗ ಮುಗೀತದೆ ಗೊತ್ತಾ ನಿಮ್ಗೆ? ಇದ್ದ ಎರಡೂ ಒಟ್ಟಿಗೇ ಮುಗೀತವೆ, ಅದೂ ನೆಂಟ್ರು ಬಂದ ದಿನ. ಆಗ ನಿಮ್ಮ ಕ್ಯಾಪ್ಟನ್ ಎದ್ದು ಪಕ್ಕದ ನೌಕೆಗೆ ಹೋಗಿ ಕೇಳ್ಕೊಂಡು ಬರ್ತಾನಾ? ಇಲ್ಲ. 'ನೀನೇ ಹೋಗಿ ಕೇಳು, ಹೆಂಗಸ್ರು ಕೇಳಿದ್ರೆ ಕೊಡ್ತಾರೆ' ಅಂತಾನೆ."

ಪಟ್ ಪಟ್ ಸದ್ದು ಮತ್ತೆ ಶುರುವಾಯಿತು. ಮಾತು ನಿಲ್ಲಲಿಲ್ಲ. ಅಷ್ಟರಲ್ಲಿ ರೇಣುಕಯ್ಯನವರ ಕೈ ತನ್ನಷ್ಟಕ್ಕೆ ತಾನೇ ಕಾಗದದ ಮೇಲೆ ಓಡತೊಡಗಿತ್ತು. ಇಪ್ಪತ್ತೆಂಟು ವರ್ಷದ ಅಭ್ಯಾಸ. ಹೇಳುವವರಿದ್ದರೆ ಅದು ಸುಮ್ಮನಿರದು. ಅವರೆಕಾಳು ಹಿತುಕಿ ಮುಗಿಯುವಷ್ಟರಲ್ಲಿ ಹನ್ನೊಂದು ಹಾಳೆ ತುಂಬಿತ್ತು. ಓದಿ ನೋಡಿದರು. ಮಂದಾಕಿನಿ ಮಾತಾಡುತ್ತಿದ್ದಳು!

ಅಂದಿನಿಂದ ಆ ಮನೆಯಲ್ಲಿ ಒಂದು ಮಹಾಯಜ್ಞ ಆರಂಭವಾಯಿತು. ಶಿವರುದ್ರಮ್ಮನವರು ನಲ್ಲಿ ನೀರಿನ ಮೇಲೆ ಸಿಟ್ಟು ಮಾಡಿಕೊಂಡರೆ ರೇಣುಕಯ್ಯನವರು ಆಫೀಸಿನ ಕಾಗದವೆಂಬಂತೆ ಫೈಲು ತೆರೆದು ಕೂರುವರು. ನಲ್ಲಿ ಹೋಗಿ ಜಲಯಂತ್ರವಾಗುವುದು, ಕರೆಂಟು ಹೋಗಿ ಸೌರಶಕ್ತಿಯಾಗುವುದು. ಮಾತು ಮಾತ್ರ ಹಾಗೆಯೇ. ಸರಕು ಕಡಿಮೆಯಾದ ದಿನ ತಾವೇ ಕೆಣಕುವುದೂ ಉಂಟು.

"ಇವತ್ತು ಸಾರು ಯಾಕೋ ಒಂಥರಾ ಇದೆಯಲ್ಲೇ" ಎಂದು ತಟ್ಟೆಯ ಮುಂದೆ ಒಂದು ಮಾತು ಬಿಟ್ಟರೆ ಸಾಕು, ಅರ್ಧ ಅಧ್ಯಾಯಕ್ಕೆ ಚಿಂತೆಯಿರಲಿಲ್ಲ.

ಒಂದು ಸಂಗತಿಯಂತೂ ಕೆಣಕದೆಯೇ ತಿಂಗಳಿಗೆ ಎರಡು ಬಾರಿ ಬರುತ್ತಿತ್ತು. ಅದು ಸೀರೆಯ ಸಂಗತಿ. ರೇಣುಕಯ್ಯನವರ ಅಕ್ಕ ರಾಜಲಕ್ಷ್ಮಮ್ಮನವರು ಕೊರಟಗೆರೆಯಲ್ಲಿದ್ದರು. ನಾಲ್ಕು ವರ್ಷದ ಹಿಂದೆ ಅವರ ಮಗಳ ಮದುವೆಯಲ್ಲಿ ಶಿವರುದ್ರಮ್ಮನವರ ಮಡಿಲಿಗೆ ಒಂದು ಮೆಂತ್ಯದ ಬಣ್ಣದ ಸೀರೆ ಬಿತ್ತು. ಮನೆಗೆ ಬಂದು ಬಿಡಿಸಿದರೆ, ಅದು ಎರಡು ವರ್ಷ ಮುಂಚೆ ಶಿವರುದ್ರಮ್ಮನವರೇ ಅತ್ತಿಗೆಗೆ ಕೊಟ್ಟಿದ್ದ ಸೀರೆ! ಸೆರಗಿನ ತುದಿಯಲ್ಲಿ ಅವರದೇ ಕೈಯ ಅರಿಶಿನದ ಗುರುತು. ಅಂದಿನಿಂದ ಅತ್ತಿಗೆಯ ಜೊತೆ ಮಾತಿಲ್ಲ, ಫೋನಿಲ್ಲ, ಹಬ್ಬಕ್ಕೆ ಹೋಗಿಬರುವುದಿಲ್ಲ. ಕಾರಣವನ್ನು ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಅವರು ಹೇಳಿರಲಿಲ್ಲ.

ಕಾದಂಬರಿಯಲ್ಲಿ ಕ್ಯಾಪ್ಟನ್ನನ ಅಕ್ಕ ಚಂದ್ರನ ಮೇಲೆ ವಾಸವಾಗಿದ್ದಳು. ಶೋಣಕ್ಕೆ ಹೋಗುವ ದಾರಿಯಲ್ಲಿ, ಏಳು ವರ್ಷಕ್ಕೆ ಬಾಗಿಲು ಮುಚ್ಚುವ ಮೊದಲು, ನೌಕೆ ಅಲ್ಲಿ ಇಳಿದಾಗ ತಮ್ಮನ ಹೆಂಡತಿಗೆ ಉಡುಗೊರೆಯಾಗಿ ಒಂದು ಗಗನದ ಉಡುಪು ಕೊಟ್ಟಳು. ಮುಂದಿನದನ್ನು ಹೇಳಬೇಕಿಲ್ಲ.

ಮಕ್ಬೂಲ್ ಇದನ್ನು ಅಚ್ಚುಮಾಡಿ ಎದ್ದು ನಿಂತು ಕೈಕುಲುಕಿದ. "ಈಗ ಬಂದ್ಳು ನೋಡಿ ಅಣ್ಣಾ ಹೆಂಗ್ಸು! ಎಲ್ಲಿ ಸಿಕ್ಕಿದ್ಳು?"

"ಕಲ್ಪನೆ," ಅಂದರು ರೇಣುಕಯ್ಯನವರು, ಮೋಡದ ಕಡೆ ನೋಡುತ್ತಾ.

ಪುಸ್ತಕವಾಯಿತು. ಅದನ್ನು ತುಮಕೂರಿನ ಬೆಳ್ಳಿಚುಕ್ಕಿ ಪ್ರತಿಷ್ಠಾನದವರ ವಿಜ್ಞಾನ ಕಾದಂಬರಿ ಪ್ರಶಸ್ತಿಗೆ ಕಳಿಸಿದವನೂ ಮಕ್ಬೂಲನೇ. ಐದು ತಿಂಗಳ ಮೇಲೆ ಒಂದು ಬೆಳಗ್ಗೆ ಫೋನು ಬಂತು. ರೇಣುಕಯ್ಯನವರು ಕೇಳಿಸಿಕೊಂಡು, ಫೋನಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಭೀರವಾಗಿ ಹೇಳಿದರು: "ಶಿವೀ, ನನಗೆ ಪ್ರಶಸ್ತಿ ಬಂದಿದೆ."

"ನಿಮ್ಗೇನಾ? ಯಾವ ರೇಣುಕಯ್ಯ ಅಂತ ಸರಿಯಾಗಿ ಕೇಳಿದ್ರಾ? ಪಾವಗಡದಲ್ಲೂ ಒಬ್ರವ್ರೆ."

ಹಾಗೆ ಅಂದರೂ ಶಿವರುದ್ರಮ್ಮನವರು ಅಂದು ಪಾಯಸ ಮಾಡಿದರು. ದೇವರ ಮುಂದೆ ಪುಸ್ತಕ ಇಟ್ಟು ಕುಂಕುಮ ಹಚ್ಚಿದರು. ಓದಲು ಮಾತ್ರ ಹೋಗಲಿಲ್ಲ. ಪುಸ್ತಕ ಬಂದ ಹೊಸದರಲ್ಲೇ ಒಮ್ಮೆ ತೆರೆದು, ಚಕ್ಕುಬಂದಿಯ ಪುಟ ಕಣ್ಣಿಗೆ ಬಿದ್ದು, "ಇದು ಆಫೀಸಿನದ್ದೇ ಕಾಗದ ಅಲ್ವಾ" ಎಂದು ಮುಚ್ಚಿಟ್ಟಿದ್ದರು. ರೇಣುಕಯ್ಯನವರು ಆ ಚಕ್ಕುಬಂದಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದ್ದರು.

ನಾಲ್ಕು ದಿನಕ್ಕೆ ತೀರ್ಪುಗಾರರ ಟಿಪ್ಪಣಿ ಬಂತು. ಕ್ಯಾಪ್ಟನ್ನನ ಬಗ್ಗೆ ಅರ್ಧ ಸಾಲು: "ನಾಯಕನ ಪಾತ್ರ ಸಾಮಾನ್ಯವಾಗಿದೆ." ರೋಬೋಟಿನ ಬಗ್ಗೆ ಎರಡು ಸಾಲು ಹೊಗಳಿಕೆ. ಉಳಿದ ಒಂದೂವರೆ ಪುಟವೂ ಮಂದಾಕಿನಿಯೇ. "ಗಗನನೌಕೆಯೊಳಗೂ ಒಂದು ಅಡುಗೆಮನೆ ಇರುತ್ತದೆ ಎಂಬ ಸತ್ಯವನ್ನು ಲೇಖಕರು ಅಸಾಧಾರಣ ಕಲ್ಪನಾಶಕ್ತಿಯಿಂದ ಕಂಡುಕೊಂಡಿದ್ದಾರೆ. ಗಗನದ ಉಡುಪಿನ ಪ್ರಸಂಗ ಓದುಗರನ್ನು ಬಹುಕಾಲ ಕಾಡುತ್ತದೆ."

ರೇಣುಕಯ್ಯನವರನ್ನು ಅದು ಆಗಲೇ ಕಾಡತೊಡಗಿತು. ಏಕೆಂದರೆ ಪ್ರಶಸ್ತಿ ಕೊಡುವುದು ವಿಜೇತರ ಊರಿನಲ್ಲೇ ಎಂಬುದು ಪ್ರತಿಷ್ಠಾನದ ಪದ್ಧತಿಯಂತೆ. ಭಾನುವಾರ ಹನ್ನೊಂದು ಗಂಟೆಗೆ, ಮಧುಗಿರಿಯಲ್ಲೇ.

"ಬಿಸಿಲು ಜಾಸ್ತಿ ಕಣೇ, ನೀನು ಮನೇಲೇ ಇರು," ಅಂದು ನೋಡಿದರು.

"ಸೀರೆಗೆ ಫಾಲ್ ಹೊಲ್ಸಿ ಆಗೈತೆ," ಅಂದರು ಶಿವರುದ್ರಮ್ಮನವರು. ಅಲ್ಲಿಗೆ ಆ ವಿಚಾರಣೆ ಮುಗಿಯಿತು.

ಭಾನುವಾರ ವೇದಿಕೆ ಹತ್ತಿ ಕೂತ ರೇಣುಕಯ್ಯನವರು ಮುಂದಿನ ಸಾಲು ನೋಡಿ ಎದ್ದು ಹೋಗೋಣವೇ ಎಂದುಕೊಂಡರು. ಶಿವರುದ್ರಮ್ಮನವರು ಕೂತಿದ್ದರು. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಅದರಾಚೆ ರಾಜಲಕ್ಷ್ಮಮ್ಮನವರು! ಆಮಂತ್ರಣ ಪತ್ರಿಕೆ ಅಚ್ಚುಮಾಡಿದ್ದ ಮಕ್ಬೂಲ್, 'ಒಡಹುಟ್ಟಿದ ಅಕ್ಕ, ಬಿಡೋಕಾಗ್ತದಾ' ಎಂದು ಕೊರಟಗೆರೆಗೂ ಒಂದನ್ನು ಕಳಿಸಿದ್ದ. ಈಗ ಬಾಗಿಲ ಬಳಿ ನಿಂತು, ಒಳ್ಳೆಯ ಕೆಲಸ ಮಾಡಿದ ಮುಖದಲ್ಲಿ ನಗುತ್ತಿದ್ದ.

ಅಧ್ಯಕ್ಷರಾದ ನಿವೃತ್ತ ಪ್ರಾಂಶುಪಾಲ ಜಯರಾಮಯ್ಯನವರು ಶಾಲು ಹೊದಿಸಿದರು, ಫಲಕ ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ನಷ್ಟವಿರಲಿಲ್ಲ. "ಈಗ ಕಾಲೇಜಿನ ಕನ್ನಡ ಅಧ್ಯಾಪಕಿ ಲೋಹಿತಾ ಅವರಿಂದ ಕಾದಂಬರಿಯ ಒಂದು ಭಾಗದ ವಾಚನ," ಎಂದರು.

ಲೋಹಿತಾ ಮೈಕಿನ ಮುಂದೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಓದಲಿಲ್ಲ, ಮಾತಾಡಿದಳು.

"'ಮಂದಾಕಿನಿ ಕೋಂ ವಿರೂಪಾಕ್ಷ ಆದ ನಾನು ಹೇಳೋದು ಇಷ್ಟೇ. ನಮ್ಮತ್ತಿಗೆ ಚಂದ್ರನ ಮೇಲಿರೋದು ನಿಜ. ಅಂದಮಾತ್ರಕ್ಕೆ ಕೆಳಗಿರೋರಿಗೆ ಕಣ್ಣು ಕಾಣಲ್ವಾ? ನಾನು ಕೊಟ್ಟ ಉಡುಪನ್ನೇ ಮಡಚಿ, ಇಸ್ತ್ರಿ ಹಾಕಿ, ನಂಗೇ ಕೊಟ್ಟವ್ರೆ. ತೋಳಿನ ತುದೀಲಿ ನನ್ನ ಕೈಯಿನ ಅರಿಶಿನ ಹಂಗೇ ಐತೆ! ಕೊಡಕ್ಕೆ ಇಷ್ಟ ಇಲ್ದಿದ್ರೆ ಬರೀ ಎಲೆ ಅಡಿಕೆ ಕೊಟ್ಟು ಕಳಿಸಿದ್ರೂ ಬೇಜಾರಿರ್ಲಿಲ್ಲ...'"

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನ ಹೆಂಗಸರಂತೂ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ನಗದವರು ಮೂವರೇ. ವೇದಿಕೆಯ ಮೇಲೆ ಒಬ್ಬರು, ಖಾಲಿ ಕುರ್ಚಿಯ ಆಚೆ ಈಚೆ ಇಬ್ಬರು. ಶಿವರುದ್ರಮ್ಮನವರ ಮುಖ ಮೊದಲು ಕೆಂಪಾಗಿ, ಆಮೇಲೆ ಬಿಳಿಚಿ, ಕೊನೆಗೆ ಹಿಂದೆ ಕಾಣುತ್ತಿದ್ದ ಬೆಟ್ಟದ ಬಂಡೆಯ ಹಾಗೆ ಆಯಿತು.

"ಇಂಥ ಹೆಂಗಸು ನಿಮಗೆ ಎಲ್ಲಿ ಸಿಕ್ಕಳು ಸ್ವಾಮಿ?" ಎಂದು ಜಯರಾಮಯ್ಯನವರು ಮೈಕನ್ನು ಇವರ ಕಡೆ ತಿರುಗಿಸಿದರು.

ಸತ್ಯ ಹೇಳಲು ಅದೊಂದು ಒಳ್ಳೆಯ ಸಮಯವಾಗಿತ್ತು. ರೇಣುಕಯ್ಯನವರಿಗೂ ಅದು ಹೊಳೆಯಿತು. ಆದರೆ ಹೆಗಲ ಮೇಲೆ ಶಾಲಿತ್ತು, ಕೊರಳಲ್ಲಿ ಹಾರವಿತ್ತು, ಎದುರಿಗೆ ಫೋಟೋ ತೆಗೆಯುವವರಿದ್ದರು.

"ಎಲ್ಲಾ... ಕಲ್ಪನೆ," ಅಂದರು.

ರಾಜಲಕ್ಷ್ಮಮ್ಮನವರು ಎದ್ದರು. ಬಾಗಿಲ ಬಳಿ ಪುಸ್ತಕದ ಮೇಜಿನಲ್ಲಿ ಒಂದು ಪ್ರತಿ ಕೊಂಡು, ಊಟಕ್ಕೂ ನಿಲ್ಲದೆ, ಕೊರಟಗೆರೆ ಬಸ್ಸು ಹತ್ತಿದರು.

ಶಿವರುದ್ರಮ್ಮನವರು ಜಗಳ ಆಡಲಿಲ್ಲ. ಆಡಿದ್ದರೆ ರೇಣುಕಯ್ಯನವರು ಬದುಕಿಕೊಳ್ಳುತ್ತಿದ್ದರು. ಮನೆಗೆ ಬಂದು ಸೀರೆ ಬದಲಿಸಿ, ಮುದ್ದೆ ಮಾಡಿ, ಬಡಿಸಿ, ಸುಮ್ಮನಾದರು. ಮರುದಿನವೂ ಸುಮ್ಮನೆ. ಅದರ ಮರುದಿನವೂ. ನಲ್ಲಿ ನೀರು ಬರಲಿಲ್ಲ, ಮಾತು ಬರಲಿಲ್ಲ. ಗ್ಯಾಸು ಮುಗಿಯಿತು, ಮಾತು ಬರಲಿಲ್ಲ. "ಇವತ್ತು ಸಾರು ಯಾಕೋ ಒಂಥರಾ" ಎಂದು ರೇಣುಕಯ್ಯನವರು ಹಳೆಯ ಅಸ್ತ್ರ ಬಿಟ್ಟು ನೋಡಿದರು. ಶಿವರುದ್ರಮ್ಮನವರು ತಟ್ಟೆಯಿಂದ ಸಾರಿನ ಬಟ್ಟಲನ್ನು ಎತ್ತಿ, ಮಜ್ಜಿಗೆಯ ಬಟ್ಟಲು ಇಟ್ಟು, ಒಳಗೆ ಹೋದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆ ಮನೆ ಇಷ್ಟು ದೊಡ್ಡದಿದೆಯೆಂದು ರೇಣುಕಯ್ಯನವರಿಗೆ ಗೊತ್ತೇ ಇರಲಿಲ್ಲ. ಗಡಿಯಾರದ ಸದ್ದು ಹಿತ್ತಿಲವರೆಗೂ ಕೇಳುತ್ತಿತ್ತು. ಅವರಿಗೆ ನಿಜವಾಗಿಯೂ ಭಯವಾಯಿತು.

ನಾಲ್ಕನೇ ದಿನ ಹತ್ತು ಗಂಟೆಗೆ ಬಾಗಿಲಲ್ಲಿ ರಾಜಲಕ್ಷ್ಮಮ್ಮನವರು ನಿಂತಿದ್ದರು. ಕಂಕುಳಲ್ಲಿ ಕಾದಂಬರಿ. ಅದರ ನಡುವೆ ಗುರುತಿಗೆಂದು ಸಿಕ್ಕಿಸಿದ್ದ ವಿಭೂತಿ ಪೊಟ್ಟಣದ ಕಾಗದ, ಬಸ್ ಟಿಕೇಟು, ಊದುಬತ್ತಿ ಕಡ್ಡಿ.

"ಶಿವರುದ್ರೀ, ಬಾರಮ್ಮ ಇಲ್ಲಿ," ಎಂದು ಜಗಲಿಯ ಮೇಲೇ ಕೂತರು. ರೇಣುಕಯ್ಯನವರು ಮೆಲ್ಲಗೆ ನಡುಮನೆಗೆ ಸರಿದು ಬಾಗಿಲ ಮರೆಯಲ್ಲಿ ನಿಂತರು.

"ಇದು ನಿನ್ನ ಮಾತು ಅಂತ ನಂಗೆ ಮೊದಲ್ನೇ ಸಾಲಿಗೇ ಗೊತ್ತಾಯ್ತು," ಅಂದರು ರಾಜಲಕ್ಷ್ಮಮ್ಮನವರು. "'ಎಲೆ ಅಡಿಕೆ ಕೊಟ್ಟು ಕಳಿಸಿದ್ರೂ' ಅಂತ ನೀನೇ ಅನ್ನೋದು. ಚಂದ್ರನ ಮೇಲೆ ಯಾರು ಅಂತಾರೆ?"

ಶಿವರುದ್ರಮ್ಮನವರು ಕಂಬ ಹಿಡಿದು ನಿಂತಿದ್ದರು. ನಾಲ್ಕು ದಿನದ ಮೇಲೆ ಅವರ ಬಾಯಿಂದ ಮೊದಲ ಮಾತು ಹೊರಟಿತು.

"ನಾನು ಊರಿಗೆಲ್ಲ ಸಾರ್ಲಿಲ್ಲ ಅತ್ಗೆಮ್ಮ. ಮನೇಲಿ ಆಡಿದ್ದನ್ನ ಇವ್ರು ಬರ್ಕೊಂಡವ್ರೆ. ನಂಗೂ ಅಲ್ಲೇ ಗೊತ್ತಾಗಿದ್ದು."

"ಸಾರಿದ್ರೇ ಒಳ್ಳೇದಾಗಿತ್ತು ಕಣಮ್ಮ. ಮದ್ವೆ ಗಲಾಟೇಲಿ ಬೀರು ಬೀಗದ ಕೈ ಸೊಸೆ ಕೈಗೆ ಕೊಟ್ಟು, ಸೋದರ್ಮಾವನ ಮನೆಯೋರಿಗೆ ಒಳ್ಳೇ ಸೀರೆ ಒಂದು ತೆಗ್ದಿಡು ಅಂದಿದ್ದೆ. ಅವ್ಳು ಹೊಸಬಳು, ಯಾರ್ ಕೊಟ್ಟಿದ್ದು ಅಂತ ಅವ್ಳಿಗೇನ್ ಗೊತ್ತು? ಬೀರೂಲಿ ಎಲ್ಲಕ್ಕಿಂತ ಒಳ್ಳೇದು ಯಾವ್ದೋ ಅದ್ನ ತೆಗ್ದಿಟ್ಟವ್ಳೆ. ನೀನು ಕೊಟ್ಟಿದ್ದು ಅಂತ ಉಡ್ದೆ ಜೋಪಾನ ಮಾಡಿದ್ದೆ ಕಣೆ ನಾನು! ಆಮೇಲೆ ಹುಡ್ಕೀ ಹುಡ್ಕೀ ಸಾಕಾಯ್ತು, ಕಳ್ದೋಯ್ತು ಅಂತ ಅತ್ತಿದ್ದೀನಿ." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಾಕು ವರ್ಷ ನೀನ್ಯಾಕ್ ಮಾತು ಬುಟ್ಟೆ ಅಂತ್ಲೇ ನಂಗೆ ತಿಳೀಲಿಲ್ಲ. ಎದೆ ಮೇಲೆ ಬಂಡೆ ಇಟ್ಟಂಗೆ ಭಾರ ಇತ್ತು. ನಿನ್ನೆ ಇದ್ನ ಪೂರ್ತಿ ಓದಿ, ಸೊಸೇನ ಕೂರಿಸ್ಕೊಂಡು ಕೇಳಿದ್ಮೇಲೆ ಎಲ್ಲಾ ತಿಳೀತು."

ಶಿವರುದ್ರಮ್ಮನವರು ಕಂಬ ಬಿಟ್ಟು ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಯಾರು ಮೊದಲು ಅತ್ತರೋ, ಯಾರು ಮೊದಲು ನಕ್ಕರೋ ಬಾಗಿಲ ಮರೆಯಿಂದ ತಿಳಿಯಲಿಲ್ಲ.

ರೇಣುಕಯ್ಯನವರ ಎದೆ ಉಬ್ಬಿತು. ಸಾಹಿತ್ಯದ ಮಹಿಮೆ ಎಂದರೆ ಇದು! ನಾಲ್ಕು ವರ್ಷದ ಮುನಿಸನ್ನು ಇಪ್ಪತ್ತು ಪುಟ ಕರಗಿಸಿತು. ಇಂಥ ಗಳಿಗೆಯಲ್ಲಿ ಲೇಖಕ ಮರೆಯಲ್ಲಿರುವುದು ಸರಿಯಲ್ಲವೆಂದು ಶಾಲು ಸರಿಮಾಡಿಕೊಂಡು (ಶಾಲನ್ನು ಆಗಿನಿಂದಲೂ ಅವರು ಹೊದೆಯುತ್ತಲೇ ಇದ್ದರು) ಹೊರಗೆ ಬಂದರು.

"ನೋಡಿದ್ರಾ? ನಾನು ಬರೀದೇ ಇದ್ದಿದ್ರೆ..."

"ಬಾರ್ಲಾ ರೇಣ್ಕ," ಅಂದರು ಅಕ್ಕ. "ನಿಂಗೆ ಮೊದ್ಲಿಂದ್ಲೂ ಗೊತ್ತಿತ್ತಲ್ಲ, ಇವ್ಳು ಯಾಕ್ ಮುನಿಸ್ಕೊಂಡವ್ಳೆ ಅಂತ? ಒಂದ್ ಫೋನ್ ಮಾಡಿ ನಂಗೆ ಹೇಳಕ್ಕೆ ಏನಾಗಿತ್ತು?"

ರೇಣುಕಯ್ಯನವರು ಶಾಲಿನ ಅಂಚು ತಿರುಚಿದರು. "ಅದು... ಸಮಾಧಾನ ಆಗ್ಬುಟ್ಟಿದ್ರೆ... ಇಪ್ಪತ್ತು ಪುಟ ಹೋಗ್ಬುಡೋದು ಅಕ್ಕಾ."

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಪ್ಪತ್ತೆಂಟು ವರ್ಷ ಸಾಕ್ಷಿದಾರರ ಮುಖ ನೋಡಿದ್ದ ರೇಣುಕಯ್ಯನವರಿಗೆ, ಒಂದನೇ ಪಾರ್ಟಿಯೂ ಎರಡನೇ ಪಾರ್ಟಿಯೂ ರಾಜಿಯಾಗಿ ಪತ್ರ ಬರೆದವನ ಮೇಲೆ ತಿರುಗಿ ಬೀಳುವ ಹೊತ್ತು ಯಾವುದೆಂದು ಚೆನ್ನಾಗಿ ಗೊತ್ತಿತ್ತು.

"ಅದಿರ್ಲಿ ಅತ್ಗೆಮ್ಮ," ಅಂದರು ಶಿವರುದ್ರಮ್ಮನವರು, ಪುಸ್ತಕ ಎಳೆದುಕೊಂಡು. "ಭಾನುವಾರದಿಂದ ನಾನೂ ಪೂರ್ತಿ ಓದ್ದೆ. ನಂಗೊಂದು ಅನುಮಾನ. ಈ ರೋಬೋಟು ಯಾಕೆ ಗೊರಕೆ ಹೊಡೀತದೆ?"

"ನಂಗೂ ಅದೇ ಅನ್ನಿಸ್ತು! ಒದ್ದೆ ಟವಲ್ ಹಾಸಿಗೆ ಮೇಲೆ ಎಸೀತದೆ. ಅದು ಸ್ನಾನ ಮಾಡ್ತದಾ?"

"ಹಾಲು ನೋಡ್ಕೋ ಅಂದ್ರೆ ಉಕ್ಕಿಸ್ತದೆ. ಕನ್ನಡಕ ಹಣೆ ಮೇಲಿಟ್ಕೊಂಡು ನೌಕೆಯೆಲ್ಲ ಹುಡುಕ್ತದೆ. ಕಬ್ಬಿಣದ ಡಬ್ಬಿಗೆ ಕನ್ನಡಕ! ನೆಂಟ್ರು ಬಂದ್ರೆ ಕಕ್ಕಸಿನಲ್ಲಿ ಪೇಪರ್ ಓದ್ತಾ ಕೂರ್ತದೆ."

"ಅದೇ ಕ್ಯಾಪ್ಟನ್ ನೋಡಿದ್ರೆ ಬೆಳಗಾಗೆದ್ದು ಹಾಸಿಗೆ ಮಡಚ್ತಾನೆ, ಹೆಂಡ್ತಿಗೆ ಕಾಫಿ ಕಾಯಿಸಿ ಕೊಡ್ತಾನೆ. ಯಾರಮ್ಮ ಇವ್ನು?"

"ನಾನೂ ಹುಡುಕ್ತಾನೇ ಇವ್ನಿ ಅತ್ಗೆಮ್ಮ. ನಾನು ಆಡಿದ ಮಾತಲ್ಲಿ ಮುಕ್ಕಾಲು ಪಾಲು ಇವ್ರ ಮೇಲೇ. ಅಷ್ಟನ್ನೂ ಪಾಪದ ಮಿಷನ್ ತಲೆಗೆ ಕಟ್ಬುಟ್ಟವ್ರೆ!"

ರೇಣುಕಯ್ಯನವರು ಕನ್ನಡಕಕ್ಕೆಂದು ಜೇಬು ತಡಕಿದರು. ಅದು ಹಣೆಯ ಮೇಲಿತ್ತು.

ತಪ್ಪೊಪ್ಪಿಗೆಯನ್ನು ಅವರು ಅಂದೇ ಬರೆದರು, ಹಸ್ತಾಕ್ಷರದಲ್ಲೇ, ಪ್ರತಿಷ್ಠಾನಕ್ಕೆ: ಮಂದಾಕಿನಿಯ ಮಾತುಗಳು ತಮ್ಮ ಕಲ್ಪನೆಯಲ್ಲವೆಂದೂ, ತಮ್ಮ ಧರ್ಮಪತ್ನಿಯ ಬಾಯಿಮಾತೆಂದೂ, ಬೇಕಾದರೆ ಫಲಕವನ್ನು ಹಿಂದಿರುಗಿಸುವುದಾಗಿಯೂ. ಹೃದಯ ಹಗುರಾಯಿತು. ಪ್ರತಿಷ್ಠಾನದವರು ಸಿಟ್ಟಾಗಲಿಲ್ಲ. ಜಯರಾಮಯ್ಯನವರೂ ಲೋಹಿತಾಳೂ ಒಂದು ಮಧ್ಯಾಹ್ನ ಮನೆಗೇ ಬಂದು, ಶಿವರುದ್ರಮ್ಮನವರಿಗೆ ಶಾಲು ಹೊದಿಸಿ ಇನ್ನೊಂದು ವಿಷಯ ಹೇಳಿದರು. ಪುಸ್ತಕ ಕಾಲೇಜಿಗೆ ಪಠ್ಯವಾಗುತ್ತಿದೆ. ಎರಡನೇ ಮುದ್ರಣಕ್ಕೆ ಅಮ್ಮನವರು ತಮ್ಮ ಭಾಗವನ್ನು ಒಮ್ಮೆ ನೋಡಿ, ತಿದ್ದುವುದಿದ್ದರೆ ತಿದ್ದಿಕೊಡಬೇಕು.

"ಸ್ವಲ್ಪ ಐತೆ," ಅಂದರು ಶಿವರುದ್ರಮ್ಮನವರು.

ಸ್ವಲ್ಪ ಅಂದದ್ದು ಅರವತ್ತು ಪುಟವಾಯಿತು. ಗೊರಕೆ, ಟವಲ್ಲು, ಹಾಲು, ಪೇಪರು, ಕನ್ನಡಕ ಎಲ್ಲವೂ ರೋಬೋಟಿನಿಂದ ಕ್ಯಾಪ್ಟನ್ನನಿಗೆ ವಾಪಸು ಖಾತೆಯಾದವು. ಅಷ್ಟು ಸಾಲದೆಂಬಂತೆ ಚಂದ್ರನ ಮೇಲಿದ್ದ ಅಕ್ಕನೂ ಕೆಳಗಿಳಿದು ಆರನೇ ಸಾಕ್ಷಿ ನುಡಿದಳು. ಗ್ರಹಗಳನ್ನು ಗೆದ್ದ ಈ ಮಹಾವೀರ ಏಳನೇ ಕ್ಲಾಸಿನಲ್ಲಿ ಮಧುಗಿರಿ ಬೆಟ್ಟ ಅರ್ಧ ಹತ್ತಿ, ಕೆಳಗೆ ನೋಡಿ, ಹೋ ಎಂದು ಅತ್ತು, ಕೂತುಕೊಂಡೇ ಜಾರಿ ಜಾರಿ ಇಳಿದು ಚಡ್ಡಿಯ ಹಿಂಭಾಗವನ್ನು ಬಂಡೆಗೇ ಬಿಟ್ಟು ಬಂದದ್ದನ್ನು ಅವಳು ವಿವರವಾಗಿ ಹೇಳಿದಳು. ಇಬ್ಬರೂ ಹೇಳುತ್ತಿದ್ದರು. ಬರೆದುಕೊಳ್ಳುತ್ತಿದ್ದವರು ರೇಣುಕಯ್ಯನವರೇ. ಒಂದು ಸಾಲು ಹಾರಿಸಲು ನೋಡಿದರೆ, "ಓದಿ ಹೇಳಿ ಒಂದ್ಸಲ" ಎಂದು ಶಿವರುದ್ರಮ್ಮನವರು ಹಿಡಿದುಬಿಡುತ್ತಿದ್ದರು.

ಹೊಸ ಮುದ್ರಣ ಬಂದ ಮೇಲೆ ಕ್ಯಾಪ್ಟನ್ನನ ಪಾತ್ರ ಸಾಮಾನ್ಯವೆಂದು ಯಾರೂ ಹೇಳಲಿಲ್ಲ. ಕೋರ್ಟಿನ ಮುಂದೆ ಲಾಯರುಗಳು "ಕ್ಯಾಪ್ಟನ್ ಸಾರ್, ಚಡ್ಡಿ ಹುಷಾರು" ಅನ್ನುತ್ತಿದ್ದರು. ದೊಡ್ಡೇರಿಯ ರೈತರೂ "ಕ್ಯಾಪ್ಟನ್ನಾರೇ, ಒಂದ್ ಕ್ರಯಪತ್ರ ಬರೀಬೇಕಿತ್ತು" ಎಂದು ಬಂದು ಕೂರುತ್ತಿದ್ದರು. ರೇಣುಕಯ್ಯನವರು ಮೊದಲ ವಾರ ನಾಚಿದರು, ಎರಡನೇ ವಾರ ರೇಗಿದರು, ಮೂರನೇ ವಾರದಿಂದ ಓಗೊಡತೊಡಗಿದರು. ಮನೆಯಲ್ಲಿ ಮಾತು ವಾಪಸು ಬಂದಿತ್ತಲ್ಲ, ಅವರಿಗೆ ಅಷ್ಟೇ ಸಾಕಾಗಿತ್ತು.

ಒಂದು ಬೆಳಗ್ಗೆ ಶಿವರುದ್ರಮ್ಮನವರೂ ಅವರ ಅತ್ತಿಗೆಯೂ ಬುತ್ತಿ ಕಟ್ಟಿಕೊಂಡು ಬಲಸಮುದ್ರಕ್ಕೆ ಹೊರಟರು. ನೌಕೆ ಹಾರಿದ ಜಾಗವನ್ನು ಕಣ್ಣಾರೆ ನೋಡಬೇಕಂತೆ, ಮುಂದಿನ ಕಾದಂಬರಿಗೆ. ಇಬ್ಬರೂ ಮೆಂತ್ಯದ ಬಣ್ಣದ ಸೀರೆ ಉಟ್ಟಿದ್ದರು. ಒಂದು ಹಳೆಯದು, ಒಂದು ಹೊಸದು. ಯಾವುದು ಯಾರದೆಂದು ಕೇಳುವ ಧೈರ್ಯ ರೇಣುಕಯ್ಯನವರಿಗೆ ಬರಲಿಲ್ಲ.

"ಹಾಲು ಒಲೆ ಮೇಲೈತೆ, ನೋಡ್ಕೊಳ್ಳಿ," ಎಂದಷ್ಟೇ ಹೇಳಿ ಶಿವರುದ್ರಮ್ಮನವರು ಆಟೋ ಹತ್ತಿದರು.

ರೇಣುಕಯ್ಯನವರು ಒಲೆಯ ಮುಂದೆ ಕಾವಲು ನಿಂತರು. ಹಾಲನ್ನೇ ನೋಡಿದರು. ಹಾಲು ಇವರನ್ನು ನೋಡಿತು. ಐದು ನಿಮಿಷ ಏನೂ ಆಗಲಿಲ್ಲ. ಪೇಪರಿನ ಮೊದಲ ಪುಟದ ಮೇಲ್ಭಾಗ ಮಾತ್ರ ಒಂದು ಸಲ ನೋಡಿ ಬರೋಣವೆಂದು ಹೋದರು, ಅಷ್ಟೇ. ಸುಯ್ ಎಂಬ ಸದ್ದು ಕೇಳಿ ಓಡಿ ಬಂದರೆ ಒಲೆಯ ಸುತ್ತ ಕ್ಷೀರಸಾಗರ! ಒಲೆ ಆರಿಸಿ, ಸಿಕ್ಕ ಬಟ್ಟೆಯಲ್ಲಿ ಒರೆಸಿ, ಅದು ಪ್ರಶಸ್ತಿಯ ಶಾಲೆಂದು ಗೊತ್ತಾಗಿ, ಅದನ್ನು ಹಿಂಡಿ, ಬಕೆಟ್ಟಿನಲ್ಲಿ ಮುಳುಗಿಸಿ, ಪಾತ್ರೆಗೆ ಒಂದು ಲೋಟ ನೀರು ಬೆರೆಸಿ ಮಟ್ಟ ಸರಿಮಾಡಿದರು. ಬೆವರು ಒರೆಸಿಕೊಂಡು ನಿಟ್ಟುಸಿರುಬಿಟ್ಟರು. ಸದ್ಯ, ಯಾರೂ ನೋಡಲಿಲ್ಲ.

ಕಿಟಕಿಯ ಆಚೆ ಯಾರೋ ಕೆಮ್ಮಿದರು.

ಮಕ್ಬೂಲ್ ನಿಂತಿದ್ದ. ಕೈಯಲ್ಲಿ ಪೆನ್ನು, ನೂರು ಪುಟದ ಹೊಸ ನೋಟ್‌ಬುಕ್ಕು.

"ಬೇಜಾರ್ ಮಾಡ್ಕೋಬ್ಯಾಡಿ ಅಣ್ಣಾ," ಅಂದ ಅವನು, ಪುಟ ಮಗುಚುತ್ತಾ. "ಅಕ್ಕೋರಿಬ್ರೂ ಹೇಳಿ ಹೋಗವ್ರೆ. ಏಳನೇ ಸಾಕ್ಷಿ ನಾನೇ. ಆ ನೀರು ಒಂದು ಲೋಟಾನಾ, ಒಂದೂವರೆ ಲೋಟಾನಾ?"